ಬಳೆ ತೊಡಿಸುವ ಜಾಣ್ಮೆ, ಟೈರು ಬಿಚ್ಚುವ ವಿದ್ಯೆ

ಬೆಳಿಗ್ಗೆ ಎಂಟೂವರೆ ಗಂಟೆ. ಹತ್ತನೆಯ ತರಗತಿಯ ಹುಡುಗಿ ಪುಸ್ತಕದ ಚೀಲ ಹೆಗಲಿಗೇರಿಸಿ ಅಂಗಳಕ್ಕೆ ಬರುತ್ತಾಳೆ. ಸೈಕಲ್ಲಿನ ಹಿಂದಿನ ಚಕ್ರ ಗಾಳಿಯಿಲ್ಲದೆ ನೆಲಕ್ಕೆ ಅಂಟಿದೆ. ಅಂದು ಪರೀಕ್ಷೆ. ಶಾಲೆ ನಾಲ್ಕು ಕಿಲೋಮೀಟರ್ ದೂರ. ಪಂಕ್ಚರ್ ಅಂಗಡಿ ಇರುವುದೂ ಶಾಲೆಯ ಪಕ್ಕದಲ್ಲೇ! ಅಪ್ಪ ಅಡುಗೆಮನೆಯ ಮೂಲೆಯಿಂದ ಸ್ಕ್ರೂಡ್ರೈವರ್ ತಂದು ಟೈರಿನ ಸಂದಿಗೆ ತೂರಿಸಿ ಬೆವರು ಸುರಿಸುತ್ತಾ ಮೀಟುತ್ತಾರೆ. ಹೇಗೋ ಟೈರು ಬಿಚ್ಚಿತು, ಪ್ಯಾಚು ಅಂಟಿತು, ಟೈರು ಮತ್ತೆ ಕುಳಿತಿತು. ಪಂಪು ಹೊಡೆದು ಎರಡು ನಿಮಿಷ ಕಳೆಯುವುದರಲ್ಲಿ ಹುಡುಗಿಯ ಕೂಗು: "ಅಪ್ಪಾ, ಮತ್ತೆ ಗಾಳಿ ಹೋಯ್ತು!"

ಇದು ಅನೇಕ ಮನೆಗಳಲ್ಲಿ ನಡೆಯುವ ಪ್ರಸಂಗ. ಮೊದಲ ತೂತನ್ನು ಮಾಡಿದ್ದು ಜಾಲಿ ಮುಳ್ಳು. ಎರಡನೆಯದನ್ನು ಮಾಡಿದ್ದು ಸ್ಕ್ರೂಡ್ರೈವರ್. ಅಪ್ಪನಿಗೆ ಶಕ್ತಿ ಕಡಿಮೆಯಿರಲಿಲ್ಲ. ನಿಜ ಹೇಳಬೇಕೆಂದರೆ ಶಕ್ತಿ ಹೆಚ್ಚಾದದ್ದೇ ತೊಂದರೆಯಾಯಿತು. ಟೈರು ಬಿಚ್ಚುವುದಕ್ಕೆ ಬೇಕಾದದ್ದು ತೋಳ್ಬಲವಲ್ಲ, ಚಕ್ರದ ರಿಮ್ಮಿನಲ್ಲಿ ಅಡಗಿರುವ ಒಂದು ತಗ್ಗಿನ ಅರಿವು.

ಆ ತಗ್ಗನ್ನು ತಿಳಿಯಲು ಜಾತ್ರೆಯ ಬಳೆಗಾರನನ್ನು ನೆನಪಿಸಿಕೊಳ್ಳಿ. ಗಾಜಿನ ಬಳೆ ಹಿಗ್ಗುವುದಿಲ್ಲ. ಕೈಯ ಗೆಣ್ಣುಗಳ ಸುತ್ತಳತೆ ಬಳೆಗಿಂತ ಹೆಚ್ಚು. ಆದರೂ ಬಳೆಗಾರ ಒಂದನ್ನೂ ಒಡೆಯದೆ ಡಜನ್ ಬಳೆ ತೊಡಿಸಿಬಿಡುತ್ತಾನೆ. ಹೇಗೆ? ಹೆಬ್ಬೆರಳನ್ನು ಅಂಗೈಯ ತಗ್ಗಿನೊಳಗೆ ಮಡಚಿ, ಬಳೆಯನ್ನು ಓರೆಯಾಗಿ ಹಿಡಿದು, ಮೊದಲು ಒಂದು ಬದಿಯ ಗೆಣ್ಣನ್ನು ದಾಟಿಸುತ್ತಾನೆ, ಆಮೇಲೆ ಇನ್ನೊಂದು ಬದಿಯದನ್ನು. ಟೈರಿನ ಗುಟ್ಟೂ ಇಷ್ಟೇ!

ಹಿಗ್ಗದ ತಂತಿ, ಅಡಗಿದ ತಗ್ಗು

ಸೈಕಲ್ ಟೈರಿನ ಎರಡೂ ಅಂಚುಗಳನ್ನು ಬೆರಳಲ್ಲಿ ಒತ್ತಿ ನೋಡಿ. ಒಳಗೆ ಗಟ್ಟಿಯಾದ ಉಕ್ಕಿನ ತಂತಿಯ ಬಳೆ ಇದೆ. ಇದಕ್ಕೆ ಬೀಡ್ ಎನ್ನುತ್ತಾರೆ. ರಬ್ಬರು ಎಳೆದರೆ ಹಿಗ್ಗುತ್ತದೆ, ಈ ತಂತಿ ಮಾತ್ರ ಹಿಗ್ಗದು. ಗಾಳಿ ತುಂಬಿದಾಗ ಟೈರು ರಿಮ್ಮಿನಿಂದ ಕಿತ್ತುಬರದಂತೆ ಹಿಡಿದಿಡುವುದೇ ಈ ತಂತಿ.

ಈ ತಂತಿಯ ಅಳತೆಯನ್ನು ತಿಳಿಯಲು ಟೈರಿನ ಪಕ್ಕೆಯ ಮೇಲೆ ಅಚ್ಚೊತ್ತಿರುವ ಅಂಕಿಗಳನ್ನು ಓದಿದರೆ ಸಾಕು. ನಮ್ಮ ದೊಡ್ಡ ಸೈಕಲ್ಲುಗಳ 28 x 1½ ಟೈರಿಗೆ ಅಂತರರಾಷ್ಟ್ರೀಯ ಗುರುತು 40-635. ಇದರಲ್ಲಿ 40 ಎಂಬುದು ಟೈರಿನ ದಪ್ಪ, 635 ಎಂಬುದು ಅಂಚಿನ ಬಳೆಯ ವ್ಯಾಸ, ಎರಡೂ ಮಿಲಿಮೀಟರುಗಳಲ್ಲಿ. 635ಕ್ಕೆ ಎರಡು ಬದಿಯ ದಪ್ಪ 80 ಕೂಡಿಸಿದರೆ 715 ಮಿ.ಮೀ. ಅಂದರೆ ಸುಮಾರು 28 ಅಂಗುಲ. ಇಪ್ಪತ್ತೆಂಟು ಎಂಬ ಹೆಸರು ಬಂದದ್ದು ಹೀಗೆ. ವಿದ್ಯಾರ್ಥಿಗಳು ತಮ್ಮ ಸೈಕಲ್ಲಿನ ಅಂಕಿಗಳನ್ನು ಓದಿ ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು.

ಇನ್ನು ರಿಮ್ಮನ್ನು ನೋಡೋಣ. ಅದರ ಎರಡು ಬದಿಯ ಗೋಡೆಗಳು ಎತ್ತರ. ಆ ಗೋಡೆಗಳ ಸುತ್ತಳತೆ ಅಂಚಿನ ತಂತಿಯ ಸುತ್ತಳತೆಗಿಂತ ಹೆಚ್ಚು. ಹಾಗಾದರೆ ಹಿಗ್ಗದ ತಂತಿ ಗೋಡೆಯನ್ನು ಹತ್ತಿ ಇಳಿಯುವುದು ಹೇಗೆ? ಉತ್ತರ ರಿಮ್ಮಿನ ಮಧ್ಯದಲ್ಲಿದೆ. ಅಲ್ಲಿ ಸುತ್ತಲೂ ಒಂದು ತಗ್ಗು ಇದೆ. ಟೈರಿನ ಅಂಚು ಒಂದು ಬದಿಯಲ್ಲಿ ಎಷ್ಟು ತಗ್ಗಿಗೆ ಇಳಿಯುತ್ತದೋ, ಎದುರು ಬದಿಯಲ್ಲಿ ಅಷ್ಟು ಸಡಿಲ ಸಿಗುತ್ತದೆ. ಸಿಗುವುದು ಕೆಲವೇ ಮಿಲಿಮೀಟರ್, ಬೇಕಾಗಿರುವುದೂ ಅಷ್ಟೇ.

ರಾತ್ರಿಯೆಲ್ಲ ಒಣಗಿದ ಟೈರು

ಈ ಸೌಕರ್ಯ ಮೊದಲಿನಿಂದ ಇದ್ದದ್ದಲ್ಲ. ಗಾಳಿ ತುಂಬಿದ ಟೈರಿಗೆ 1888ರಲ್ಲಿ ಪೇಟೆಂಟ್ ಪಡೆದ ಜಾನ್ ಬಾಯ್ಡ್ ಡನ್‌ಲಪ್ ಬೆಲ್‌ಫಾಸ್ಟಿನಲ್ಲಿದ್ದ ಪಶುವೈದ್ಯ. ಮಗನ ಮೂರು ಚಕ್ರದ ಸೈಕಲ್ ಕಲ್ಲುಹಾದಿಯಲ್ಲಿ ಕುಲುಕದಿರಲೆಂದು ಅವರು ಮಾಡಿದ ಪ್ರಯೋಗ ಅದು. ಆದರೆ ಆ ಕಾಲದ ಟೈರುಗಳನ್ನು ರಿಮ್ಮಿಗೆ ಅಂಟಿಸಿಬಿಡುತ್ತಿದ್ದರು. 1889ರಲ್ಲಿ ಫ್ರಾನ್ಸಿನ ಕ್ಲೆರ್ಮಾಂ-ಫೆರಾ ಊರಿನ ಮಿಶೆಲಿನ್ ಸಹೋದರರ ಕಾರ್ಖಾನೆಗೆ ಸವಾರನೊಬ್ಬ ಇಂಥ ಟೈರಿನೊಂದಿಗೆ ಬಂದ. ರಿಪೇರಿಗೆ ಮೂರು ಗಂಟೆ ಹಿಡಿಯಿತು. ಅಂಟು ಒಣಗಲು ರಾತ್ರಿಯೆಲ್ಲ ಬೇಕಾಯಿತು. ಮರುದಿನ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮತ್ತೆ ಗಾಳಿ ಹೋಯಿತು!

ಸುಲಭವಾಗಿ ಬಿಚ್ಚಲು ಬರುವ ಟೈರು ಬೇಕೆಂದು ಎಡ್ವರ್ಡ್ ಮಿಶೆಲಿನ್ ಅವರಿಗೆ ಹೊಳೆದದ್ದು ಆಗ. 1891ರಲ್ಲಿ ಅವರು ಅಂಥ ಟೈರು ತಯಾರಿಸಿದರು. ಅದೇ ವರ್ಷ ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ಮರಳುವ ಸುಮಾರು 1,200 ಕಿ.ಮೀ. ಸ್ಪರ್ಧೆಯಲ್ಲಿ ಶಾರ್ಲ್ ತೆರೋಂ ಅದನ್ನೇ ಬಳಸಿ ಗೆದ್ದರು. ಇತ್ತ ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ಎಂಬವರು 1890ರಲ್ಲೇ ಅಂಚಿಗೆ ಉಕ್ಕಿನ ತಂತಿ, ರಿಮ್ಮಿನ ನಡುವೆ ತಗ್ಗು ಎಂಬ ಏರ್ಪಾಡಿಗೆ ಪೇಟೆಂಟ್ ಪಡೆದಿದ್ದರು. ಇಂದು ಅಂಗಳದಲ್ಲಿ ನಿಂತ ಸೈಕಲ್ಲಿನಲ್ಲಿರುವುದು ಇದೇ ತತ್ತ್ವ.

ಬಿಚ್ಚುವ ಕ್ರಮ

ಬೇಕಾದ ಸಾಮಾನು ಹೆಚ್ಚಿಲ್ಲ. ಎರಡು ಟೈರ್ ಲಿವರ್, ಪಂಪು, ಉಪ್ಪುಕಾಗದ, ಸಲ್ಯೂಷನ್, ಪ್ಯಾಚು, ಒಂದು ಬೋಗುಣಿ ನೀರು. ಸ್ಕ್ರೂಡ್ರೈವರ್ ಬೇಡ, ಅದರ ಮೂಲೆಗಳು ಚೂಪು. ಲಿವರಿನ ತುದಿ ನುಣುಪಾಗಿ ಬಾಗಿರುತ್ತದೆ.

ಪಂಕ್ಚರ್ ಹಾಕುವುದಕ್ಕೆ ಚಕ್ರವನ್ನೇ ಕಳಚಬೇಕಿಲ್ಲ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ವಾಲ್ ಬಿಚ್ಚಿ ಗಾಳಿಯನ್ನು ಪೂರ್ತಿ ಬಿಡಿ. ವಾಲ್‌ನ ಪುಟ್ಟ ಭಾಗಗಳನ್ನು ಒಂದು ಬಟ್ಟಲಿಗೆ ಹಾಕಿಡಿ, ಮಣ್ಣಿನಲ್ಲಿ ಬಿದ್ದರೆ ಹುಡುಕುವುದೇ ಒಂದು ಕೆಲಸವಾಗುತ್ತದೆ. ಈಗ ಎರಡೂ ಹೆಬ್ಬೆರಳಿನಿಂದ ಟೈರಿನ ಅಂಚನ್ನು ಸುತ್ತಲೂ ಒತ್ತುತ್ತಾ ನಡುವಿನ ತಗ್ಗಿಗೆ ಇಳಿಸಿ. ಅನೇಕರು ಮರೆಯುವುದು ಈ ಹಂತವನ್ನೇ. ಇದನ್ನು ಬಿಟ್ಟು ಲಿವರ್ ಹಾಕುವುದೆಂದರೆ ಹೆಬ್ಬೆರಳು ಮಡಚದೆ ಬಳೆ ತೊಡಿಸಿದಂತೆ.

ವಾಲ್ ಇರುವ ಜಾಗದಲ್ಲಿ ಅದರ ಬುಡ ಅಡ್ಡವಿರುವುದರಿಂದ ಅಂಚು ತಗ್ಗಿಗೆ ಇಳಿಯುವುದಿಲ್ಲ. ಆದ್ದರಿಂದ ಲಿವರನ್ನು ವಾಲ್ ಕಡೆ, ಅದರಿಂದ ಒಂದು ಗೇಣು ಆಚೆ ಹಾಕಿ. ಎದುರು ಬದಿ ತಗ್ಗಿನಲ್ಲಿರಲಿ. ಲಿವರಿನ ತುದಿ ಟೈರಿನ ಅಂಚನ್ನಷ್ಟೇ ಹಿಡಿಯಬೇಕು, ಟ್ಯೂಬನ್ನು ತಾಗಬಾರದು. ನಾಲ್ಕು ಬೆರಳು ದೂರದಲ್ಲಿ ಎರಡನೆಯ ಲಿವರ್ ಹಾಕಿ ಮೀಟಿದರೆ ಅಂಚು ಹೊರಬರುತ್ತದೆ. ಉಳಿದದ್ದನ್ನು ಕೈಯಲ್ಲೇ ಎಳೆಯಬಹುದು. ಒಂದು ಬದಿ ಬಿಚ್ಚಿದರೆ ಸಾಕು, ಟ್ಯೂಬು ಈಚೆ ಬರುತ್ತದೆ.

ತೂತು ಹೇಳುವ ಕಥೆ

ಟ್ಯೂಬಿಗೆ ಸ್ವಲ್ಪ ಗಾಳಿ ತುಂಬಿ ನೀರಿನಲ್ಲಿ ಅದ್ದಿ, ಗುಳ್ಳೆ ಏಳುವ ಜಾಗವನ್ನು ಗುರುತು ಮಾಡಿ. ತೂತು ಹೊರಮೈಯಲ್ಲಿದ್ದರೆ ಮುಳ್ಳು ಅಥವಾ ಮೊಳೆ. ರಿಮ್ಮಿನ ಕಡೆ ಇದ್ದರೆ ಕಡ್ಡಿಯ ತುದಿ ಚುಚ್ಚಿರಬಹುದು, ರಿಮ್ಮಿನ ಒಳಪಟ್ಟಿ ಜರುಗಿದೆಯೇ ನೋಡಿ. ಅಕ್ಕಪಕ್ಕ ಎರಡು ತೂತುಗಳಿದ್ದರೆ ಕಡಿಮೆ ಗಾಳಿಯಲ್ಲಿ ಕಲ್ಲಿಗೆ ಹಾಯಿಸಿದಾಗ ಟ್ಯೂಬು ರಿಮ್ಮಿನ ಗೋಡೆಗಳಿಗೆ ಸಿಕ್ಕಿರುವ ಲಕ್ಷಣ.

ಪ್ಯಾಚು ಹಾಕುವ ಮೊದಲು ಟೈರಿನ ಒಳಮೈಯನ್ನು ಹತ್ತಿಬಟ್ಟೆಯಿಂದ ಸವರಿ. ಮುಳ್ಳಿದ್ದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ, ಬೆರಳು ಉಳಿಯುತ್ತದೆ. ಮುಳ್ಳನ್ನು ಒಳಗೇ ಬಿಟ್ಟರೆ ಹೊಸ ಟ್ಯೂಬು ಹಾಕಿದರೂ ಫಲವಿಲ್ಲ. ತೂತಿನ ಸುತ್ತ ಉಪ್ಪುಕಾಗದದಿಂದ ಉಜ್ಜಿ, ಸಲ್ಯೂಷನ್ನನ್ನು ತೆಳ್ಳಗೆ ಹಚ್ಚಿ, ಅದರ ಹೊಳಪು ಆರುವವರೆಗೆ ಕಾದು ಪ್ಯಾಚನ್ನು ಒತ್ತಿ. ಹಸಿ ಸಲ್ಯೂಷನ್ನಿನ ಮೇಲೆ ಅವಸರದಿಂದ ಒತ್ತಿದ ಪ್ಯಾಚು ನಿಲ್ಲುವುದಿಲ್ಲ.

ಹಾಕುವಾಗ ಲಿವರ್ ಬೇಡ

ಟ್ಯೂಬು ದುಂಡಗಾಗುವಷ್ಟು ಮಾತ್ರ ಗಾಳಿ ತುಂಬಿ ಟೈರಿನೊಳಗೆ ಕೂರಿಸಿ. ಅಂಚನ್ನು ವಾಲ್‌ನ ಎದುರು ಬದಿಯಿಂದ ಒಳಗೆ ತಳ್ಳುತ್ತಾ ಎರಡೂ ಕಡೆಯಿಂದ ವಾಲ್‌ನತ್ತ ಬನ್ನಿ. ಕೊನೆಯ ಒಂದು ಗೇಣು ಬಿಗಿಯಾಗುತ್ತದೆ. ಎಲ್ಲರ ಕೈಯೂ ಲಿವರಿನತ್ತ ಹೋಗುವುದು ಆಗಲೇ!

ಇಲ್ಲಿ ಒಂದು ಸರಳ ಲೆಕ್ಕ. ಲಿವರಿನ ಆನಿಕೆಯಿಂದ ಕೈಗೆ 15 ಸೆಂ.ಮೀ., ಟೈರಿನ ಅಂಚಿಗೆ 1 ಸೆಂ.ಮೀ. ಇದ್ದರೆ, 5 ಕಿಲೋ ಭಾರದಷ್ಟು ಒತ್ತಿದ ಕೈ ಆ ತುದಿಯಲ್ಲಿ 75 ಕಿಲೋ ಭಾರದಷ್ಟು ಬಲ ಹಾಕುತ್ತದೆ. ನಡುವೆ ಸಿಕ್ಕಿದ ಟ್ಯೂಬಿನ ಗತಿ ಏನು? ಲಿವರ್ ಬಲವನ್ನು ಹೆಚ್ಚಿಸುತ್ತದೆ, ಆದರೆ ಅಂಚು ಯಾವುದು, ಟ್ಯೂಬು ಯಾವುದು ಎಂಬ ವಿವೇಚನೆ ಅದಕ್ಕಿಲ್ಲ.

ಆದ್ದರಿಂದ ಟೈರು ಬಿಗಿಯಾದಾಗ ನಿಲ್ಲಿಸಿ, ಎದುರು ಬದಿಗೆ ಹೋಗಿ, ಅಂಚು ತಗ್ಗಿನಲ್ಲಿದೆಯೇ ಎಂದು ಮತ್ತೊಮ್ಮೆ ಹಿಸುಕಿ ಬನ್ನಿ. ಸಿಕ್ಕಿದ ಸಡಿಲವನ್ನು ಅಂಗೈಗಳಿಂದ ಸವರುತ್ತಾ ವಾಲ್ ಕಡೆಗೆ ತನ್ನಿ. ಸಾಬೂನಿನ ನೀರನ್ನು ಅಂಚಿಗೆ ಹಚ್ಚಬಹುದು. ಎಣ್ಣೆ, ಗ್ರೀಸು ಕೂಡದು, ಅವು ರಬ್ಬರನ್ನು ಕೆಡಿಸುತ್ತವೆ. ಕೊನೆಯಲ್ಲಿ ವಾಲನ್ನು ಒಮ್ಮೆ ಒಳಕ್ಕೆ ಒತ್ತಿ ಬಿಟ್ಟರೆ ಬುಡದಲ್ಲಿ ಸಿಕ್ಕಿಕೊಂಡಿರುವ ಟ್ಯೂಬು ಬಿಡಿಸಿಕೊಳ್ಳುತ್ತದೆ. ಸ್ವಲ್ಪ ಗಾಳಿ ತುಂಬಿ, ರಿಮ್ಮಿನ ಪಕ್ಕ ಟೈರಿನ ಮೇಲಿರುವ ಗೆರೆ ಸುತ್ತಲೂ ಸಮನಾಗಿ ಕಾಣುತ್ತಿದೆಯೇ ನೋಡಿ. ಒಂದೆಡೆ ಮುಳುಗಿ ಒಂದೆಡೆ ಎದ್ದಿದ್ದರೆ ಗಾಳಿ ಬಿಟ್ಟು ಸರಿಪಡಿಸಿ. ಆಮೇಲೆ ಟೈರಿನ ಮೇಲೆ ಬರೆದಿರುವ ಒತ್ತಡದವರೆಗೆ ಪಂಪು ಹೊಡೆಯಬಹುದು.

ಎಲ್ಲಿ ನಿಲ್ಲಿಸಬೇಕು?

ಸೈಕಲ್ ಬಿಚ್ಚಿದ ಉತ್ಸಾಹದಲ್ಲಿ ಮಕ್ಕಳು ಅಪ್ಪನ ಸ್ಕೂಟರಿಗೆ ಕೈ ಹಾಕುವುದುಂಟು. ಇಲ್ಲಿ ಎಚ್ಚರ ಬೇಕು. ಬಜಾಜ್ ಚೇತಕ್‌ನಂತಹ ಹಳೆಯ ಸ್ಕೂಟರುಗಳ ರಿಮ್ಮು ಎರಡು ಹೋಳುಗಳದು. ಚಕ್ರವನ್ನು ಡ್ರಮ್ಮಿಗೆ ಹಿಡಿದ ನಟ್ಟುಗಳು ಬೇರೆ, ಎರಡು ಹೋಳುಗಳನ್ನು ಜೋಡಿಸಿದ ನಟ್ಟುಗಳು ಬೇರೆ. ಗಾಳಿ ಇರುವಾಗಲೇ ಎರಡನೆಯವನ್ನು ಬಿಚ್ಚಿದರೆ ಹೋಳುಗಳು ಸಿಡಿಯುತ್ತವೆ. ಗಾಳಿ ಪೂರ್ತಿ ತೆಗೆಯದೆ ಅವನ್ನು ಮುಟ್ಟಲೇಬಾರದು.

ಟ್ಯೂಬ್‌ಲೆಸ್ ಟೈರುಗಳ ಅಂಚು ರಿಮ್ಮಿನಲ್ಲಿ ಬಹಳ ಬಿಗಿಯಾಗಿ ಕೂರುವುದರಿಂದ ಬಿಚ್ಚುವುದಕ್ಕೂ ಕೂರಿಸುವುದಕ್ಕೂ ಯಂತ್ರವೇ ಲೇಸು. ಕಾರಿನ ವಿಷಯದಲ್ಲಿ ಮನೆಯವರು ಜಾಕ್ ಹಾಕಿ ಸ್ಟೆಪ್ನಿ ಬದಲಾಯಿಸುವುದನ್ನು ಕಲಿತರೆ ಸಾಕು. ಲಾರಿ ಟೈರಂತೂ ಮನೆಯಂಗಳದ ಕೆಲಸವಲ್ಲವೇ ಅಲ್ಲ. ಅದರ ರಿಮ್ಮಿನ ಉಕ್ಕಿನ ಬಳೆ ಗಾಳಿಯ ಒತ್ತಡಕ್ಕೆ ಹಾರಿದರೆ ಜೀವಕ್ಕೇ ಅಪಾಯ.

ಪಾಲಕರಿಗೆ ಒಂದು ಮಾತು

ಕರ್ನಾಟಕದಲ್ಲಿ 2006-07ರಿಂದ ಹಲವು ವರ್ಷ ಸರ್ಕಾರಿ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚಲಾಯಿತು. ದೂರದ ಪ್ರೌಢಶಾಲೆಗೆ ಹೋಗಲು ಎಷ್ಟೋ ಹುಡುಗಿಯರಿಗೆ ಅದರಿಂದ ಅನುಕೂಲವಾಯಿತು. ಆದರೆ ಪಂಕ್ಚರಾಗಿ ಮೂಲೆ ಸೇರಿದ ಸೈಕಲ್ಲು ಯಾರನ್ನೂ ಶಾಲೆಗೆ ಮುಟ್ಟಿಸದು. ಸೈಕಲ್ ಕೊಡಿಸಿದ ದಿನವೇ ಟೈರು ಬಿಚ್ಚುವುದನ್ನೂ ಕಲಿಸಿದರೆ ಕೊಡುಗೆ ಪೂರ್ಣವಾಗುತ್ತದೆ. ಇದು ಹುಡುಗರ ಕೆಲಸ ಎಂದು ಮಗಳನ್ನು ದೂರವಿಡಬೇಡಿ. ಬಲಕ್ಕಿಂತ ಜಾಣ್ಮೆ ಬೇಡುವ ಕೆಲಸವಿದು, ಬಳೆ ತೊಡುವ ಕೈಗೆ ಅದರ ಮರ್ಮ ಮೊದಲೇ ಗೊತ್ತು.

ಮನೆಯಲ್ಲಿ ಬಲ್ಲವರಿಲ್ಲದಿದ್ದರೆ ಊರಿನ ಪಂಕ್ಚರ್ ಅಂಗಡಿಯವರ ಬಳಿ ಅರ್ಧ ಗಂಟೆ ನಿಂತು ನೋಡಲಿ. ಅವರ ಕೈ ಎಲ್ಲಿ ಒತ್ತುತ್ತದೆ, ಎಲ್ಲಿ ಬಿಡುತ್ತದೆ ಎಂಬುದನ್ನು ಗಮನಿಸಿದರೆ ಪುಸ್ತಕದ ಸನ್ನೆಯ ನಿಯಮ ಕಣ್ಣಿಗೆ ಕಾಣುತ್ತದೆ. ಬಳಿಕ ಒಂದು ಭಾನುವಾರ, ಪಂಕ್ಚರ್ ಇಲ್ಲದಿರುವಾಗಲೇ, ಟೈರನ್ನು ಒಮ್ಮೆ ಬಿಚ್ಚಿ ಹಾಕಲಿ. ಮೊದಲ ಸಲ ಒಂದು ಗಂಟೆಯಾದೀತು, ಟ್ಯೂಬು ಕಚ್ಚೀತು. ಗದರಬೇಡಿ. ಮತ್ತೊಮ್ಮೆ ಬಿಚ್ಚಲಿ. ಪರೀಕ್ಷೆಯ ದಿನ ಬೆಳಿಗ್ಗೆ ಎಂಟೂವರೆಗೆ ಚಕ್ರ ನೆಲಕ್ಕೆ ಅಂಟಿದಾಗ, ಆ ಭಾನುವಾರದ ಒಂದು ಗಂಟೆ ಲೆಕ್ಕಕ್ಕೆ ಬರುತ್ತದೆ.