ಏಳನೇ ಕ್ಲಾಸಿನ ಕೊನೇ ಬೆಂಚು

"ಗೊತ್ತಾಯ್ತಾ?" ಅಂತ ಕೇಳಿದ್ರೆ ಏಳನೇ ಕ್ಲಾಸಿನವರೆಲ್ಲ "ಹೂಂ ಮಿಸ್" ಅಂತಾರೆ. ಆ ಹೂಂನ ನಂಬಬೇಡಿ. ಮೂರನೇ ಕ್ಲಾಸಲ್ಲಿ ಕೈಯೆತ್ತಿ ಕುಣೀತಿದ್ದ ಮಗೂನೇ ಈಗ, ತಪ್ಪಾದ್ರೆ ನಗ್ತಾರೆ ಅಂತ ಬಾಯಿ ಬಿಡಲ್ಲ.

ಆ ಬಾಯಿ ಬಿಡಿಸೋಕೆ ಒಂದು ದಾರಿ ಇದೆ. 2023ರ ಆರಂಭದಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳು ಕಲಿಕಾ ಹಬ್ಬ ಮಾಡಿದ್ವು, ನೆನಪಿದೆಯಾ? ಕೋವಿಡ್‌ನಲ್ಲಿ ಹಿಂದೆ ಬಿದ್ದ ಕಲಿಕೆಗೆ ಅಂತ ಶುರುವಾದ 'ಕಲಿಕಾ ಚೇತರಿಕೆ'ಯ ಭಾಗ ಅದು. ಅದರಲ್ಲಿ 'ಕಾಗದ-ಕತ್ತರಿ' ಅನ್ನೋ ಚಟುವಟಿಕೆ ಇತ್ತು, 'ಊರು ತಿಳಿಯೋಣ' ಇತ್ತು. ನನ್ನ ಓಟು ಊರಿಗೆ.

ನಮ್ಮ ಮಾರೇನಹಳ್ಳೀಲಿ ಊರು ತಿಳಿಯೋಕೆ ಹಬ್ಬ ಬರೋತನಕ ಕಾಯಬೇಕಾಗಿಲ್ಲ. ನಾಲ್ಕು ಮಕ್ಕಳ ಗುಂಪು, ಜೊತೆಗೊಬ್ಬರು ಟೀಚರ್. ಹೂವಿನ ಅಂಗಡಿ ಮುಂದೆ ನಿಂತು ಮಕ್ಕಳೇ ಕೇಳಲಿ: "ಅಕ್ಕಾ, ಮಾರು ಕಾಕಡ ಎಷ್ಟು? ಬೆಳಗ್ಗೆ ಎಷ್ಟಕ್ಕೆ ತಂದ್ರಿ? ಸಂಜೆ ಉಳಿದಿದ್ದು ಏನ್ಮಾಡ್ತೀರ?" ವಾಪಸ್ ಬಂದ್ಮೇಲೆ ಬೋರ್ಡಲ್ಲಿ ಲಾಭ-ನಷ್ಟದ ಲೆಕ್ಕ. ಸಂಖ್ಯೆ ಅವರೇ ತಂದಿದ್ದಲ್ವಾ, ಉತ್ತರ ತಪ್ಪಾದ್ರೆ ಕೊನೇ ಬೆಂಚೂ ಜಗಳಕ್ಕೆ ಬರುತ್ತೆ. ಬರಲಿ!

ಕನ್ನಡ ಇನ್ನೂ ಸರಿಯಾಗಿ ಬಾರದ ಮಗು ಇದ್ರೆ? ಬರೆಯೋದು ಬೇಡ, ಮಾರು ಅಳೆಯೋ ಕೆಲಸ ಕೊಡಿ. ಮತ್ತೆ, ಪ್ರಶ್ನೆ ಕೇಳಿದ್ಮೇಲೆ ಐದು ಸೆಕೆಂಡ್ ಸುಮ್ಮನಿರಿ, ಮಿಸ್. ಉತ್ತರ ನೀವೇ ಹೇಳ್ಬಿಡ್ಬೇಡಿ.