ಎಂಟು ಮಂದಿ ಪೃಚ್ಛಕರು, ಒಬ್ಬ ಅವಧಾನಿ

ಸಭೆಯಲ್ಲಿ ಕುಳಿತವರು ಒಡ್ಡುವ ವಸ್ತುಗಳಿಗೂ ತೊಡಕುಗಳಿಗೂ ಅಲ್ಲಿಯೇ, ಆಗಲೇ ಛಂದೋಬದ್ಧವಾದ ಪದ್ಯ ಕಟ್ಟಿ ಉತ್ತರಿಸುವ ಕಲೆಯನ್ನು ಅವಧಾನವೆನ್ನುತ್ತಾರೆ. ಪ್ರಶ್ನಿಸುವವರು ಪೃಚ್ಛಕರು, ಉತ್ತರಿಸುವವನು ಅವಧಾನಿ. ಪೃಚ್ಛಕರು ಎಂಟು ಮಂದಿಯಾದರೆ ಅಷ್ಟಾವಧಾನ, ನೂರು ಮಂದಿಯಾದರೆ ಶತಾವಧಾನ. ಅವಧಾನಿಯು ಲೇಖನಿ, ಕಾಗದಗಳನ್ನು ಮುಟ್ಟುವಂತಿಲ್ಲ. ಮುಖ್ಯ ವಿಭಾಗಗಳಲ್ಲಿ ಒಬ್ಬರ ಪದ್ಯವನ್ನು ಒಮ್ಮೆಗೇ ಮುಗಿಸುವಂತೆಯೂ ಇಲ್ಲ. ಮೊದಲ ಸುತ್ತಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಾದವನ್ನು, ಅಂದರೆ ಪದ್ಯದ ಒಂದು ಸಾಲನ್ನು ಹೇಳಿ, ಮುಂದಿನ ಸುತ್ತುಗಳಲ್ಲಿ ಬಿಟ್ಟಲ್ಲಿಂದ ಎತ್ತಿಕೊಂಡು, ನಾಲ್ಕು ಸುತ್ತು ಕಳೆದ ಮೇಲೆ ಎಲ್ಲ ಪದ್ಯಗಳನ್ನೂ ಮೊದಲಿನಿಂದ ಒಪ್ಪಿಸಬೇಕು. ಈ ಕೊನೆಯ ಘಟ್ಟಕ್ಕೆ ಧಾರಣವೆಂದು ಹೆಸರು.

ತೆಲುಗು ನಾಡಿನಲ್ಲಿ ಹುಲುಸಾಗಿ ಬೆಳೆದ ಈ ಕಲೆಯನ್ನು ಕನ್ನಡದಲ್ಲಿ 20ನೆಯ ಶತಮಾನದ ಪೂರ್ವಾರ್ಧದಲ್ಲಿ ಬೆಳ್ಳಾವೆ ನರಹರಿ ಶಾಸ್ತ್ರಿಗಳು ನಡೆಸಿದ್ದುಂಟು. ಆಮೇಲೆ ಬಹುಕಾಲ ಸೊರಗಿದ್ದ ಕನ್ನಡದ ಅವಧಾನಕ್ಕೆ 1980ರ ದಶಕದಲ್ಲಿ ಮರುಜೀವ ಕೊಟ್ಟವರು ಕೋಲಾರದಲ್ಲಿ ಹುಟ್ಟಿದ ಆರ್. ಗಣೇಶ್. ಅವರು 2012ರ ನವೆಂಬರ್ 30ರಿಂದ ಡಿಸೆಂಬರ್ 2ರವರೆಗೆ ಬೆಂಗಳೂರಿನಲ್ಲಿ ಸಂಪೂರ್ಣ ಕನ್ನಡದಲ್ಲೇ ಶತಾವಧಾನ ನಡೆಸಿದರು. ವಿದ್ವತ್ಸಭೆಯನ್ನು ಬಯಸುವ ಇಂಥ ಕಲೆಗೆ ಬೇಕಾದ ಹಿನ್ನೆಲೆ ಶ್ರೀರಂಗಪಟ್ಟಣ, ಮೇಲುಕೋಟೆಗಳ ಕಾವೇರಿ ಸೀಮೆಗೆ ಹೊಸದೇನಲ್ಲ. 1673ರಿಂದ 1704ರವರೆಗೆ ಶ್ರೀರಂಗಪಟ್ಟಣದಿಂದ ಆಳಿದ ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ ತಿರುಮಲಾರ್ಯ, ಚಿಕ್ಕುಪಾಧ್ಯಾಯ, ಸಿಂಗರಾರ್ಯರಂಥ ಕವಿಗಳಿದ್ದರು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಇಂದಿಗೂ ಸಂಸ್ಕೃತ ವಿದ್ವತ್ತಿನ ಊರು. ಆದ್ದರಿಂದ ಅವಧಾನದ ವರಸೆಗಳನ್ನು ಈ ಸೀಮೆಯ ವಸ್ತುಗಳ ಮೂಲಕವೇ ನೋಡುವುದು ಸಹಜ.

ನಿಷೇಧಾಕ್ಷರಿಯಲ್ಲಿ ಅವಧಾನಿ ಒಂದು ಅಕ್ಷರ ಹೇಳಿದೊಡನೆ, ಮುಂದೆ ಬರಬಹುದಾದ ಅಕ್ಷರವನ್ನು ಪೃಚ್ಛಕ ಊಹಿಸಿ ತಡೆಯುತ್ತಾನೆ. ಶ್ರೀರಂಗಪಟ್ಟಣದ ರಂಗನಾಥನನ್ನು ಸ್ತುತಿಸಹೊರಟ ಅವಧಾನಿ ‘ಶ್ರೀ’ ಎಂದನೆನ್ನೋಣ. ‘ರ’ಕಾರಕ್ಕೆ ನಿಷೇಧ ಬೀಳುತ್ತದೆ. ಅವನು ‘ಕಾಂ’ ಎಂದು ಶ್ರೀಕಾಂತನತ್ತ ಹೊರಳಿದರೆ ‘ತ’ಕಾರಕ್ಕೂ ತಡೆ, ಆಗ ‘ಕ್ಷಿ’ ಎಂದುಬಿಟ್ಟರೆ, ನಿಷೇಧವು ಆ ಒಂದು ಸ್ಥಾನಕ್ಕೆ ಮಾತ್ರವಾದ್ದರಿಂದ, ‘ಶ್ರೀಕಾಂಕ್ಷಿತ’, ಎಂದರೆ ಲಕ್ಷ್ಮಿಯು ಬಯಸಿದವನು, ಎಂಬ ಪದದ ದಾರಿ ತೆರೆಯುತ್ತದೆ. ಚತುರನಾದ ಪೃಚ್ಛಕ ಅಲ್ಲಿಯೂ ಮತ್ತೆ ‘ತ’ಕಾರವನ್ನೇ ತಡೆದಾನು.

ದತ್ತಪದಿಯಲ್ಲಿ ವಸ್ತುವಿಗೆ ಹೊಂದದ ನಾಲ್ಕು ಪದಗಳನ್ನು ಕೊಟ್ಟು, ಅವುಗಳ ರೂಢಿಯ ಅರ್ಥ ಬಾರದಂತೆ ಪಾದಕ್ಕೊಂದರಂತೆ ಬಳಸಲು ಕೇಳುತ್ತಾರೆ. ಆಟೋ, ಕಾರು, ಲಾರಿ, ವ್ಯಾನು ಎಂಬ ಪದಗಳಿಂದ ಮೇಲುಕೋಟೆಯ ವೈರಮುಡಿ ಉತ್ಸವವನ್ನು ವರ್ಣಿಸಬೇಕೆಂದರೆ, ಆ ದಿನದ ವಾಹನದಟ್ಟಣೆಯನ್ನು ವರ್ಣಿಸುವುದು ಸುಲಭವಾದರೂ ನಿಯಮಕ್ಕೆ ಹೊರಗು. ಅವಧಾನಿ ಹುಡುಕಬೇಕಾದದ್ದು ‘ಆಟೋಪ’, ‘ಕಾರುಣ್ಯ’, ‘ಕಾವಲಾರಿಗೆ’, ‘ಭವ್ಯಾನುಭವ’ದಂಥ ಮಾತುಗಳನ್ನು; ಕೊನೆಯ ಎರಡರಲ್ಲಿ ಸಂಧಿಯೇ ವಾಹನವನ್ನು ಮರೆಮಾಡಿಕೊಟ್ಟಿದೆ.

ಸಮಸ್ಯಾಪೂರಣದಲ್ಲಿ ಅಸಂಬದ್ಧವಾಗಿ ಕಾಣುವ ಒಂದು ಪಾದವನ್ನು ಕೊನೆಯ ಸಾಲಾಗಿ ಒಡ್ಡಿ, ಹಿಂದಿನ ಸಾಲುಗಳಿಂದ ಅದಕ್ಕೆ ಅರ್ಥ ಕೂಡಿಸಲು ಹೇಳುತ್ತಾರೆ. ‘ನಡೆದು ಬಂದುದು ಗುಡಿಯು ನೀರಿಂದೆದ್ದು ದಡದೆಡೆಗೆ’ ಎಂಬ ಸಮಸ್ಯೆಯನ್ನು ಕಲ್ಪಿಸಿಕೊಳ್ಳಬಹುದು. ಮೂರು ಮತ್ತು ನಾಲ್ಕು ಮಾತ್ರೆಗಳು ಸರದಿಯಲ್ಲಿ ಬರುವುದರಿಂದ ಇದು ಭಾಮಿನಿ ಷಟ್ಪದಿಯ ಆರನೆಯ ಸಾಲೆಂದು ಕಿವಿಗೆ ತಿಳಿಯುತ್ತದೆ. ಎರಡನೆಯ ಅಕ್ಷರ ‘ಡ’ಕಾರವಾದ್ದರಿಂದ, ಆದಿಪ್ರಾಸದ ನಿಯಮದಂತೆ ಉಳಿದ ಐದು ಸಾಲುಗಳೂ ‘ಕಡಲು’, ‘ಒಡಲು’, ‘ಬಿಡದೆ’ ಎಂಬಂಥ ಪದಗಳಿಂದಲೇ ಮೊದಲಾಗಬೇಕು. ಹೊರಗಿನವರಿಗೆ ಅಸಂಗತವಾದ ಈ ಮಾತು ಈ ಸೀಮೆಯವರಿಗೆ ಕಣ್ಣೆದುರಿನ ಸಂಗತಿ: ಕೆ.ಆರ್.ಎಸ್. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ, ದಡದ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಲಾಗಿದೆ. ಆದರೆ ಆ ಸುದ್ದಿಯನ್ನೇ ಪದ್ಯವಾಗಿಸಿದರೆ ಸಮಸ್ಯೆ ಬಿಡಿಸಿದಂತಾಗುತ್ತದೆಯೇ ಹೊರತು ಕಾವ್ಯವಾಗುವುದಿಲ್ಲ. ಗುಡಿ ಏಕೆ ನಡೆಯಿತು, ಯಾರ ಕೊಳಲಿನ ದನಿಯ ಬೆನ್ನುಹತ್ತಿ ಬಂದಿತು ಎಂಬ ಕಲ್ಪನೆ ಮೂಡಿದಾಗ ಸಭೆ ತಲೆದೂಗುತ್ತದೆ.

ಅಕ್ಷರಗಳನ್ನು ಚಿತ್ರದಂತೆ ಹೆಣೆಯುವ ಚಿತ್ರಕವಿತೆ, ಕೊಟ್ಟ ವಸ್ತುವಿಗೆ ಒಡನೆಯೇ ಪದ್ಯ ಹೇಳುವ ಆಶುಕವಿತೆ, ಹಾಡಿದ ಪದ್ಯದ ಕವಿ ಕೃತಿಗಳನ್ನು ಗುರುತಿಸುವ ಕಾವ್ಯವಾಚನ, ಮನೆಗಳಲ್ಲಿ ಅಂಕಿ ತುಂಬಿ ಎತ್ತ ಕೂಡಿದರೂ ಒಂದೇ ಮೊತ್ತ ಬರಿಸುವ ಸಂಖ್ಯಾಬಂಧ ಇವೂ ಇರುತ್ತವೆ. ಸಂಖ್ಯಾಬಂಧಕ್ಕೆ ಚಪ್ಪಾಳೆ ಹೆಚ್ಚು, ಅದರಲ್ಲಿ ಕವಿತ್ವ ಮಾತ್ರ ಇಲ್ಲ. ಅದಕ್ಕಿಂತ ಅಪ್ರಸ್ತುತಪ್ರಸಂಗವೇ ಮೇಲು: ಅಲ್ಲಿ ಒಬ್ಬ ಪೃಚ್ಛಕ ನಡುನಡುವೆ ತಲೆಹರಟೆಯ ಪ್ರಶ್ನೆ ಎಸೆದು ಅವಧಾನಿಯ ಏಕಾಗ್ರತೆಯನ್ನು ಕೆಡಿಸಲು ನೋಡುತ್ತಾನೆ, ಅವಧಾನಿ ಅವನಿಗೆ ಹಾಸ್ಯದಿಂದಲೇ ಉತ್ತರ ಕೊಟ್ಟು ತನ್ನ ಪಾದಕ್ಕೆ ಮರಳಬೇಕಾಗುತ್ತದೆ.

ಅವಧಾನದ ಪದ್ಯಗಳು ಅಚ್ಚಿನಲ್ಲಿ ಕಳೆಗುಂದುತ್ತವೆಂಬ ಆಕ್ಷೇಪವಿದೆ, ಅದು ಬಹುಮಟ್ಟಿಗೆ ನಿಜವೂ ಹೌದು. ಪ್ರಶ್ನೆಯ ಬಿಕ್ಕಟ್ಟನ್ನು ಕಾಣದ ಓದುಗನಿಗೆ ಉತ್ತರದ ಚೆಲುವು ಅರ್ಧವಷ್ಟೇ ದಕ್ಕುತ್ತದೆ. ಹಳಗನ್ನಡದ ಪದಸಂಪತ್ತಿಲ್ಲದೆ ಅವಧಾನಿ ಹೆಜ್ಜೆಯಿಡಲಾರ, ಛಂದಸ್ಸಿನ ನಡೆ ತಿಳಿಯದ ಶ್ರೋತೃವಿಗೆ ಅವನು ಎಲ್ಲಿ ಎಡವಿದ, ಎಲ್ಲಿ ಸಾವರಿಸಿಕೊಂಡ ಎಂಬುದು ಗೊತ್ತಾಗುವುದಿಲ್ಲ. ಅಂಥ ಕಿವಿಯನ್ನು ಇಂದು ಕನ್ನಡದಲ್ಲಿ ತಯಾರು ಮಾಡುತ್ತಿರುವುದು ತರಗತಿಗಳಿಗಿಂತ ಹೆಚ್ಚಾಗಿ ಕುಮಾರವ್ಯಾಸ, ಲಕ್ಷ್ಮೀಶರನ್ನು ರಾಗವಾಗಿ ಓದಿ ಅರ್ಥ ಹೇಳುವ ಗಮಕ ಗೋಷ್ಠಿಗಳು.