ವಿಳಾಸ ಬದಲಾದರೂ ದಾರಿ ತಪ್ಪದಿರಲಿ

2025ರಲ್ಲಿ ದೇಶದ ಬ್ಯಾಂಕುಗಳ ಜಾಲತಾಣಗಳು ಮನೆ ಬದಲಿಸಬೇಕಾಯಿತು. ನಕಲಿ ತಾಣಗಳ ಮೂಲಕ ಗ್ರಾಹಕರನ್ನು ವಂಚಿಸುವುದನ್ನು ತಡೆಯುವ ಸಲುವಾಗಿ, ಬ್ಯಾಂಕುಗಳಿಗಷ್ಟೇ ಮೀಸಲಾದ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂಬ ಹೆಸರಿನ ವ್ಯವಸ್ಥೆಯನ್ನು ಭಾರತೀಯ ರಿಸರ್ವ್ ಬ್ಯಾಂಕ್ ಆ ವರ್ಷದ ಫೆಬ್ರುವರಿ 7ರಂದು ಪ್ರಕಟಿಸಿತು. ಏಪ್ರಿಲ್ 22ರ ಸುತ್ತೋಲೆಯಲ್ಲಿ ಅಕ್ಟೋಬರ್ 31ರ ಗಡುವನ್ನೂ ವಿಧಿಸಿತು. ಹೆಸರುಗಳನ್ನು ನೋಂದಾಯಿಸುವ ಹೊಣೆ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಗೆ ದೊರೆಯಿತು.

ಆದರೆ ಹತ್ತಾರು ವರ್ಷಗಳಿಂದ ಹಳೆಯ ವಿಳಾಸವೇ ರೂಢಿಯಾಗಿರುವ ಗ್ರಾಹಕ ಸುತ್ತೋಲೆಗಳನ್ನು ಓದುವುದಿಲ್ಲ. ಅವನು ಎಂದಿನಂತೆ ಹಳೆಯ ಹೆಸರನ್ನೇ ಬೆರಳಚ್ಚಿಸುತ್ತಾನೆ. ಬ್ಯಾಂಕು ಸರಿಯಾದ ಏರ್ಪಾಡು ಮಾಡಿದ್ದರೆ ಕ್ಷಣಾರ್ಧದಲ್ಲಿ ಹೊಸ ತಾಣದ ಮುಂದೆ ನಿಂತಿರುತ್ತಾನೆ. ಮಾಡದಿದ್ದರೆ ‘ಪುಟ ಲಭ್ಯವಿಲ್ಲ’ ಎಂಬ ಉತ್ತರ ಕಾಣುತ್ತಾನೆ. ಈ ಎರಡರ ನಡುವಿನ ಅಂತರ ಸರ್ವರ್‌ನ ಒಂದು ಕಡತದಲ್ಲಿರುವ ಕೆಲವೇ ಸಾಲುಗಳು. ಅವುಗಳಿಗೆ ರಿಡೈರೆಕ್ಟ್, ಅಂದರೆ ಮರುನಿರ್ದೇಶನ ಎಂದು ಹೆಸರು. ಅದರ ಜೊತೆಗಾರ ರೀರೈಟ್, ಅಂದರೆ ವಿಳಾಸದ ಪುನರ್ಲೇಖನ. ಸರಿಯಾಗಿ ಮಾಡಿದಾಗ ಯಾರ ಗಮನಕ್ಕೂ ಬಾರದ, ಮಾಡದೆ ಬಿಟ್ಟಾಗ ವರ್ಷಗಳ ದಾಖಲೆಯನ್ನೇ ಕಣ್ಮರೆಯಾಗಿಸುವ ಕೆಲಸವಿದು.

ಮೂರಂಕಿಯ ಉತ್ತರ

ಓದುಗನ ಬ್ರೌಸರ್ ಒಂದು ಪುಟವನ್ನು ಕೇಳಿದಾಗ ಸರ್ವರ್ ಪುಟಕ್ಕಿಂತ ಮೊದಲು ಮೂರಂಕಿಯ ಒಂದು ಸಂಖ್ಯೆಯನ್ನು ಕಳುಹಿಸುತ್ತದೆ. 200 ಎಂದರೆ ಎಲ್ಲವೂ ಸರಿ, ಪುಟ ಇಲ್ಲಿದೆ ಎಂದರ್ಥ. 404 ಎಂದರೆ ಅಂಥ ಪುಟ ಸಿಗಲಿಲ್ಲ. ಮೂರರಿಂದ ಆರಂಭವಾಗುವ ಸಂಖ್ಯೆಗಳಲ್ಲಿ ಹೆಚ್ಚಿನವು ‘ಬೇರೆಡೆಗೆ ಹೋಗಿ’ ಎನ್ನುವವು. ಅಂಥ ಉತ್ತರದ ಜೊತೆಯಲ್ಲೇ ಹೊಸ ವಿಳಾಸವೂ ಬರುತ್ತದೆ. ಬ್ರೌಸರ್ ಓದುಗನನ್ನು ಏನೂ ಕೇಳದೆ ಅಲ್ಲಿಗೆ ಹೊರಡುತ್ತದೆ.

ಇವುಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವವು 301 ಮತ್ತು 302. ಮೊದಲನೆಯದು ಶಾಶ್ವತ ಬದಲಾವಣೆ, ಎರಡನೆಯದು ತಾತ್ಕಾಲಿಕ. ಬಾಡಿಗೆದಾರ ಮನೆಯನ್ನೇ ಬಿಟ್ಟುಹೋಗುವುದಕ್ಕೂ ಸುಣ್ಣಬಣ್ಣ ನಡೆಯುವಾಗ ಎರಡು ವಾರ ನೆಂಟರ ಮನೆಯಲ್ಲಿ ಉಳಿಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. 301 ಕಂಡ ಶೋಧ ಯಂತ್ರ ತನ್ನ ಪಟ್ಟಿಯಲ್ಲಿ ಹಳೆಯದರ ಜಾಗದಲ್ಲಿ ಹೊಸ ವಿಳಾಸವನ್ನು ಬರೆದುಕೊಳ್ಳುತ್ತದೆ. 302 ಕಂಡರೆ ಸಾಮಾನ್ಯವಾಗಿ ಹಳೆಯದನ್ನೇ ಉಳಿಸಿಕೊಂಡು ಕಾಯುತ್ತದೆ.

ಅರ್ಜಿ ನಮೂನೆಗಳ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ತುಂಬಿದ ನಮೂನೆಯನ್ನು ಕಳುಹಿಸುವಾಗ 301 ಅಥವಾ 302 ಎದುರಾದರೆ ಬ್ರೌಸರ್‌ಗಳು ತುಂಬಿದ ಮಾಹಿತಿಯನ್ನು ಕೈಬಿಟ್ಟು ಹೊಸ ವಿಳಾಸದಲ್ಲಿ ಬರಿಯ ಪುಟವನ್ನು ಕೇಳುವುದುಂಟು. ಮಾಹಿತಿ ಹಾಗೆಯೇ ಮುಂದಕ್ಕೆ ಸಾಗಬೇಕೆಂದರೆ ತಾತ್ಕಾಲಿಕಕ್ಕೆ 307, ಶಾಶ್ವತಕ್ಕೆ 308 ಬಳಸಬೇಕು. ಪುಟವನ್ನು ಉದ್ದೇಶಪೂರ್ವಕವಾಗಿ ತೆಗೆದುಹಾಕಿದ್ದರೆ, ಅದನ್ನು ನೇರವಾಗಿ ಹೇಳಲು 410 ಇದೆ.

ಕಳುಹಿಸುವುದು ಬೇರೆ, ತಂದುಕೊಡುವುದು ಬೇರೆ

ಮರುನಿರ್ದೇಶನ ಮತ್ತು ಪುನರ್ಲೇಖನಗಳನ್ನು ಒಂದೇ ಎಂದು ಭಾವಿಸುವವರು ಹಲವರು. ಸರ್ಕಾರಿ ಕಚೇರಿಯ ಉದಾಹರಣೆಯಿಂದ ವ್ಯತ್ಯಾಸ ಸ್ಪಷ್ಟವಾಗುತ್ತದೆ. ವಿಧಾನಸೌಧದ ಕೌಂಟರಿನಲ್ಲಿ ಕಡತ ಕೇಳಿದ ನಾಗರಿಕನಿಗೆ ಗುಮಾಸ್ತ ‘ಆ ಶಾಖೆ ಈಗ ವಿಕಾಸಸೌಧದಲ್ಲಿದೆ, ಅಲ್ಲಿಗೆ ಹೋಗಿ’ ಎಂದರೆ ಅದು ಮರುನಿರ್ದೇಶನ. ನಾಗರಿಕ ಇನ್ನೊಮ್ಮೆ ನಡೆಯಬೇಕು, ಆದರೆ ಮುಂದಿನ ಬಾರಿ ಎಲ್ಲಿಗೆ ಹೋಗಬೇಕೆಂಬುದು ಅವನಿಗೆ ತಿಳಿದಿರುತ್ತದೆ. ಗುಮಾಸ್ತ ತಾನೇ ಒಳಗೆ ಹೋಗಿ ಬೇರೊಂದು ಬೀರುವಿನಿಂದ ಕಡತ ತಂದುಕೊಟ್ಟರೆ ಅದು ಪುನರ್ಲೇಖನ. ಕಡತ ಎಲ್ಲಿಂದ ಬಂತೆಂಬುದು ಹೊರಗೆ ನಿಂತವನಿಗೆ ತಿಳಿಯುವುದೇ ಇಲ್ಲ.

ಬ್ರೌಸರ್‌ನಲ್ಲಿಯೂ ಹೀಗೆಯೇ. ಮರುನಿರ್ದೇಶನದಲ್ಲಿ ವಿಳಾಸ ಪಟ್ಟಿಯಲ್ಲಿನ ಬರಹ ಬದಲಾಗುತ್ತದೆ. ಪುನರ್ಲೇಖನದಲ್ಲಿ ಬದಲಾಗುವುದಿಲ್ಲ. ಓದುಗನಿಗೆ ‘ಸುದ್ದಿ/4521’ ಎಂಬ ಸರಳ ವಿಳಾಸ ಕಾಣುತ್ತಿರುವಾಗ ಒಳಗಡೆ ಸರ್ವರ್ ಅದನ್ನು ಪ್ರಶ್ನಾರ್ಥಕ ಚಿಹ್ನೆ, ಸಮಚಿಹ್ನೆಗಳಿಂದ ತುಂಬಿದ ಉದ್ದನೆಯ ವಿಳಾಸವಾಗಿ ಓದಿಕೊಳ್ಳುತ್ತಿರಬಹುದು. ಮುಂದೆ ತಂತ್ರಾಂಶವನ್ನೇ ಬದಲಿಸಿದರೂ ಹೊರಗಿನ ಸರಳ ವಿಳಾಸ ಹಾಗೆಯೇ ಉಳಿಯುತ್ತದೆ. ಪುನರ್ಲೇಖನದ ನಿಜವಾದ ಪ್ರಯೋಜನ ಇದು.

ನಿಯಮ ಬರೆಯುವ ಬಗೆ

ಅಪಾಚೆ ಸರ್ವರ್‌ನಲ್ಲಿ ಈ ಕೆಲಸ ಮಾಡುವ ‘ಮಾಡ್ ರೀರೈಟ್’ ಎಂಬ ಘಟಕವನ್ನು ಜರ್ಮನಿಯ ರಾಲ್ಫ್ ಎಂಗೆಲ್‌ಶಾಲ್ 1996ರಲ್ಲಿ ರೂಪಿಸಿ, ಮರುವರ್ಷ ಅಪಾಚೆ ತಂಡಕ್ಕೆ ಒಪ್ಪಿಸಿದರು. ಸರಳ ಸ್ಥಳಾಂತರಕ್ಕೆ ಇದರ ಅಗತ್ಯವೇ ಇಲ್ಲ. ‘ರಿಡೈರೆಕ್ಟ್ 301’ ಎಂದು ಬರೆದು, ಮುಂದೆ ಹಳೆಯ ದಾರಿ, ಅದರ ಮುಂದೆ ಹೊಸ ದಾರಿ ಬರೆದರೆ ಸಾಕು. ಈ ಒಂದೇ ಸಾಲು ಹಳೆಯ ದಾರಿಯ ಕೆಳಗಿರುವ ಎಲ್ಲ ಪುಟಗಳಿಗೂ ಅನ್ವಯಿಸುತ್ತದೆ. ‘ಕ್ರೀಡೆ’ ವಿಭಾಗ ‘ಆಟೋಟ’ ಎಂದಾದರೆ, ಅದರಡಿಯ ಸಾವಿರ ವರದಿಗಳೂ ಒಟ್ಟಿಗೆ ಸಾಗುತ್ತವೆ.

ವಿಳಾಸಗಳ ರಚನೆಯೇ ಬದಲಾದಾಗ ‘ರೀರೈಟ್ ರೂಲ್’ ಬೇಕಾಗುತ್ತದೆ. ಮೊದಲು ‘ರೀರೈಟ್ ಎಂಜಿನ್ ಆನ್’ ಎಂಬ ಸಾಲು ಬರೆದು ಯಂತ್ರವನ್ನು ಚಾಲನೆಗೊಳಿಸಬೇಕು. ನಂತರದ ಪ್ರತಿ ನಿಯಮಕ್ಕೂ ಮೂರು ಭಾಗಗಳು: ಯಾವ ಮಾದರಿಯ ವಿಳಾಸ ಬಂದರೆ, ಅದು ಏನಾಗಬೇಕು, ಹೇಗಾಗಬೇಕು. ‘ಸುದ್ದಿ ಎಂಬ ಪದ, ಓರೆಗೆರೆ, ಆಮೇಲೆ ಎಷ್ಟಾದರೂ ಅಂಕಿಗಳು’ ಎಂಬಂಥ ಮಾದರಿಯನ್ನು ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂಬ ಸಂಕೇತಭಾಷೆಯಲ್ಲಿ ಬರೆಯಲಾಗುತ್ತದೆ. ಆವರಣದೊಳಗೆ ಬಂದ ಅಂಕಿಗಳನ್ನು ಯಂತ್ರ ನೆನಪಿಟ್ಟುಕೊಂಡು ಹೊಸ ವಿಳಾಸದಲ್ಲಿ ಜೋಡಿಸುತ್ತದೆ. ಹೀಗಾಗಿ ಹತ್ತು ಸಾವಿರ ವರದಿಗಳಿಗೆ ಹತ್ತು ಸಾವಿರ ಸಾಲು ಬೇಡ, ಒಂದೇ ನಿಯಮ ಸಾಕು. ಕೊನೆಯ ಭಾಗದಲ್ಲಿ ‘ಆರ್=301’ ಎಂದಿದ್ದರೆ ಅದು ಶಾಶ್ವತ ಮರುನಿರ್ದೇಶನ. ಆರ್ ಇಲ್ಲದೆ ತಾಣದೊಳಗಿನ ದಾರಿಯನ್ನಷ್ಟೇ ಕೊಟ್ಟಿದ್ದರೆ ಒಳಗಿನ ಪುನರ್ಲೇಖನ.

ಹೊಸಬರು ಮುಗ್ಗರಿಸುವ ಎರಡು ಸ್ಥಳಗಳಿವೆ. ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುವ ಭಾಗ ಈ ಮಾದರಿಯ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಪರೀಕ್ಷಿಸಲು ‘ರೀರೈಟ್ ಕಂಡ್’ ಎಂಬ ಷರತ್ತಿನ ಸಾಲನ್ನು ನಿಯಮದ ಮೇಲೆ ಪ್ರತ್ಯೇಕವಾಗಿ ಬರೆಯಬೇಕು. ಎರಡನೆಯದಾಗಿ, ಸರ್ವರ್‌ನ ಮುಖ್ಯ ಕಡತದಲ್ಲಿ ದಾರಿ ಓರೆಗೆರೆಯಿಂದ ಆರಂಭವಾಗುತ್ತದೆ. ಆಯಾ ಫೋಲ್ಡರ್‌ನಲ್ಲಿಡುವ ‘ಡಾಟ್ ಎಚ್‌ಟಿ ಆಕ್ಸೆಸ್’ ಕಡತದಲ್ಲಿ ಆ ಮೊದಲ ಓರೆಗೆರೆ ಇರುವುದಿಲ್ಲ. ಒಂದೆಡೆ ಸರಿಯಾಗಿ ನಡೆದ ನಿಯಮ ಇನ್ನೊಂದೆಡೆ ಮೌನವಾಗುವುದಕ್ಕೆ ಆಗಾಗ ಇದೇ ಕಾರಣ.

ರಷ್ಯದ ಇಗೊರ್ ಸಿಸೋಯೆವ್ 2004ರಲ್ಲಿ ಬಿಡುಗಡೆ ಮಾಡಿದ ಎಂಜಿನ್‌ಎಕ್ಸ್ ಸರ್ವರ್‌ನಲ್ಲಿ ‘ಡಾಟ್ ಎಚ್‌ಟಿ ಆಕ್ಸೆಸ್’ ಎಂಬುದೇ ಇಲ್ಲ. ನಿಯಮಗಳೆಲ್ಲ ಆಡಳಿತಗಾರನ ಹಿಡಿತದಲ್ಲಿರುವ ಮುಖ್ಯ ಕಡತಗಳಲ್ಲಿ ಇರಬೇಕು. ಇಲ್ಲಿ ಸರಳ ಸ್ಥಳಾಂತರಕ್ಕೆ ‘ರಿಟರ್ನ್ 301’ ಎಂಬ ಒಂದು ಸಾಲು ಸಾಕಾಗುತ್ತದೆ.

ಎಡವುವ ತಾಣಗಳು

ಮೊದಲ ಅಪಾಯ ಸುತ್ತು. ಅ ವಿಳಾಸ ಆ ವಿಳಾಸಕ್ಕೆ ಕಳುಹಿಸಿ, ಆ ವಿಳಾಸ ಮತ್ತೆ ಅ ವಿಳಾಸಕ್ಕೇ ಕಳುಹಿಸಿದರೆ ಬ್ರೌಸರ್ ಸುಮಾರು 20 ಬಾರಿ ಓಡಾಡಿ ಕೈಚೆಲ್ಲುತ್ತದೆ. ಎರಡನೆಯದು ಸರಪಳಿ. 2010ರ ವಿಳಾಸ 2015ರದಕ್ಕೆ, ಅದು 2020ರದಕ್ಕೆ, ಅದು ಇಂದಿನದಕ್ಕೆ ಕಳುಹಿಸುವಂಥ ಏರ್ಪಾಡಿನಲ್ಲಿ ನಡುವಿನ ಒಂದು ಕೊಂಡಿ ಕಳಚಿದರೂ ಹಿಂದಿನವೆಲ್ಲ ಅನಾಥವಾಗುತ್ತವೆ. ಪ್ರತಿ ಹೊಸ ಬದಲಾವಣೆಯಲ್ಲಿ ಹಳೆಯ ನಿಯಮಗಳನ್ನೂ ತಿದ್ದಿ, ಎಲ್ಲವನ್ನೂ ನೇರವಾಗಿ ಕೊನೆಯ ವಿಳಾಸಕ್ಕೆ ಸೇರಿಸುವುದು ಲೇಸು.

ಮೂರನೆಯದು ಆತುರದ 301. ಶಾಶ್ವತ ಎಂದು ಹೇಳಿದ ಮೇಲೆ ಬ್ರೌಸರ್ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಸರ್ವರ್‌ನಲ್ಲಿ ತಪ್ಪನ್ನು ತಿದ್ದಿದರೂ ಓದುಗನ ಗಣಕ ಹಳೆಯ ತಪ್ಪಿನ ದಾರಿಯಲ್ಲೇ ನಡೆಯಬಹುದು. ಆದ್ದರಿಂದ ಮೊದಲು 302 ಇಟ್ಟು ಪರೀಕ್ಷಿಸಿ, ಎಲ್ಲವೂ ಸರಿಯೆಂದು ಖಚಿತವಾದ ಮೇಲೆ 301ಕ್ಕೆ ಬದಲಿಸುವುದು ಅನುಭವಿಗಳ ಕ್ರಮ. ನಾಲ್ಕನೆಯದು ಸೋಮಾರಿತನದ ದಾರಿ: ಹಳೆಯ ಪುಟಗಳನ್ನೆಲ್ಲ ಒಟ್ಟಾಗಿ ಮುಖಪುಟಕ್ಕೆ ಅಟ್ಟಿಬಿಡುವುದು. ಬರ ಪರಿಹಾರದ ಆದೇಶ ಹುಡುಕಿ ಬಂದ ರೈತನಿಗೆ ಇಲಾಖೆಯ ಮುಖಪುಟ ತೋರಿಸಿದರೆ ಪ್ರಯೋಜನವೇನು? ಗೂಗಲ್ ಕೂಡ ಇಂಥ ಮರುನಿರ್ದೇಶನವನ್ನು ಪುಟ ಇಲ್ಲವೆಂದೇ ಎಣಿಸಬಹುದು.

ಐದನೆಯದು ಸುರಕ್ಷತೆಗೆ ಸಂಬಂಧಿಸಿದ್ದು. ‘ಎಲ್ಲಿಗೆ ಹೋಗಬೇಕು’ ಎಂಬುದನ್ನು ಕೊಂಡಿಯಲ್ಲೇ ಬರೆಯಲು ಅವಕಾಶವಿರುವ ತಾಣಗಳಿವೆ. ಗುರಿಯನ್ನು ಪರೀಕ್ಷಿಸದೆ ಕಳುಹಿಸಿದರೆ ವಂಚಕರು ನಂಬಿಕಸ್ಥ ತಾಣದ ಹೆಸರಿನಿಂದ ಆರಂಭವಾಗುವ ಕೊಂಡಿ ಹಂಚಿ, ಜನರನ್ನು ತಮ್ಮ ನಕಲಿ ಪುಟಕ್ಕೆ ಎಳೆದುಕೊಳ್ಳುತ್ತಾರೆ.

ಕನ್ನಡದ ವಿಳಾಸಗಳು

ಕನ್ನಡ ಲಿಪಿಯ ವಿಳಾಸಗಳಿಗೆ ತಮ್ಮದೇ ಆದ ತೊಡಕುಗಳಿವೆ. ಯೂನಿಕೋಡ್‌ನ ಪ್ರತಿ ಕನ್ನಡ ಸಂಕೇತ ಯುಟಿಎಫ್-8 ಕ್ರಮದಲ್ಲಿ ಮೂರು ಬೈಟ್‌ಗಳಾಗುತ್ತದೆ. ವಿಳಾಸದಲ್ಲಿ ಪ್ರತಿ ಬೈಟ್ ಶೇಕಡಾ ಚಿಹ್ನೆಯೊಡನೆ ಮೂರು ಅಕ್ಷರಗಳಾಗಿ ಸಾಗುತ್ತದೆ. ‘ಬೆಂಗಳೂರು’ ಎಂಬ ಪದದಲ್ಲಿ ಸ್ವರಚಿಹ್ನೆ, ಅನುಸ್ವಾರಗಳೂ ಸೇರಿ ಎಂಟು ಸಂಕೇತಗಳಿವೆ. ವಿಳಾಸದಲ್ಲಿ ಅದು 72 ಅಕ್ಷರಗಳ ಸಾಲು. ಕನ್ನಡ ಕೊಂಡಿಯನ್ನು ನಕಲಿಸಿ ಅಂಟಿಸಿದಾಗ ಅರ್ಥವಾಗದ ಉದ್ದನೆಯ ಸರಮಾಲೆ ಕಾಣುವುದು ಇದರಿಂದಲೇ.

ಇನ್ನೂ ಸೂಕ್ಷ್ಮವಾದುದು ಕಣ್ಣಿಗೆ ಕಾಣದ ಭೇದ. ‘ಬ್ಯಾಂಕ್‌ಗಳು’ ಎಂಬ ಪದದಲ್ಲಿ ಅರ್ಧಾಕ್ಷರವನ್ನು ಬಿಡಿಸಿ ತೋರಿಸಲು ಅದೃಶ್ಯ ಸಂಕೇತವೊಂದನ್ನು ಬಳಸಲಾಗುತ್ತದೆ. ಅದಿದ್ದರೆ ಒಂದು ವಿಳಾಸ, ಇಲ್ಲದಿದ್ದರೆ ಇನ್ನೊಂದು. ‘ಕೋ’ ಎಂಬಲ್ಲಿನ ಸ್ವರಚಿಹ್ನೆಯನ್ನೂ ಒಂದೇ ಸಂಕೇತವಾಗಿ ಅಥವಾ ಬಿಡಿ ಭಾಗಗಳಾಗಿ ಬರೆಯಲು ಸಾಧ್ಯ. ಓದುಗನಿಗೆ ಎರಡೂ ಒಂದೇ, ಸರ್ವರ್‌ಗೆ ಬೇರೆ ಬೇರೆ. ಆದ್ದರಿಂದ ಲೇಖನದ ಗುರುತಿಗೆ ಒಂದು ಸಂಖ್ಯೆಯನ್ನೂ ವಿಳಾಸದಲ್ಲಿ ಸೇರಿಸಿ, ಸಂಖ್ಯೆಯ ಆಧಾರದ ಮೇಲೆ ಪುಟ ಹುಡುಕುವಂತೆ ನಿಯಮ ಬರೆಯುವುದು ಕ್ಷೇಮಕರ.

2000ದ ದಶಕದ ಆರಂಭದಲ್ಲಿ ಹಲವು ಕನ್ನಡ ತಾಣಗಳು ಯೂನಿಕೋಡ್ ಬದಲು ತಮ್ಮದೇ ಫಾಂಟುಗಳನ್ನು ಅವಲಂಬಿಸಿದ್ದವು. ಅಂಥ ಪುಟಗಳಿಗೆ ದಾರಿ ತೋರಿಸಿದರಷ್ಟೇ ಸಾಲದು. ಫಾಂಟ್ ಇಲ್ಲದ ಗಣಕದಲ್ಲಿ ಅವು ಅರ್ಥಹೀನ ಅಕ್ಷರಗಳಾಗಿ ತೆರೆದುಕೊಳ್ಳುತ್ತವೆ. ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಬಳಿಕ ಹಳೆಯ ವಿಳಾಸವನ್ನು ಅದಕ್ಕೆ ಜೋಡಿಸಿದಾಗ ಮಾತ್ರ ಬರಹ ಉಳಿದಂತೆ.

ಅಳಿದ ಕೊಂಡಿಗಳ ಲೆಕ್ಕ

ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ 1998ರಲ್ಲೇ ಬರೆದ ಲೇಖನವೊಂದರಲ್ಲಿ, ವಿಳಾಸಗಳು ತಾವಾಗಿ ಬದಲಾಗುವುದಿಲ್ಲ, ಜನರೇ ಬದಲಿಸುತ್ತಾರೆ ಎಂಬ ವಾದ ಮಂಡಿಸಿದ್ದರು. ಲೇಖಕರ ಹೆಸರು, ತಂತ್ರಾಂಶದ ಗುರುತು ಮೊದಲಾದ ಬದಲಾಗುವ ಸಂಗತಿಗಳನ್ನು ವಿಳಾಸದಲ್ಲಿ ಸೇರಿಸದಿರುವುದೇ ಲೇಸೆಂಬುದು ಅವರ ಸಲಹೆಯಾಗಿತ್ತು.

ಸಲಹೆ ಎಷ್ಟು ಮಟ್ಟಿಗೆ ಪಾಲನೆಯಾಯಿತೆಂಬುದಕ್ಕೆ ಅಂಕಿಅಂಶಗಳಿವೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2013ರಲ್ಲಿದ್ದ ಪುಟಗಳ ಪೈಕಿ ಶೇ 38ರಷ್ಟು ಹತ್ತು ವರ್ಷಗಳಲ್ಲಿ ಅಲಭ್ಯವಾಗಿದ್ದವು. ಹಾರ್ವರ್ಡ್ ಕಾನೂನು ಶಾಲೆಯ ಜೊನಾಥನ್ ಜಿಟ್ರೇನ್ ಮತ್ತು ಸಹಲೇಖಕರು ನಡೆಸಿ 2014ರಲ್ಲಿ ಪ್ರಕಟವಾದ ಅಧ್ಯಯನ, ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿ ಉಲ್ಲೇಖಗೊಂಡ ಕೊಂಡಿಗಳಲ್ಲಿ ಸುಮಾರು ಅರ್ಧದಷ್ಟು ಮೂಲ ಮಾಹಿತಿಯನ್ನು ತೋರಿಸುತ್ತಿಲ್ಲವೆಂದು ಕಂಡುಕೊಂಡಿತು. ತೀರ್ಪು ಉಳಿದಿದೆ, ಅದಕ್ಕೆ ಆಧಾರವಾದ ಪುಟ ಇಲ್ಲ.

ಇವೆಲ್ಲ ಪುಟಗಳೂ ಅಳಿಸಿಹೋದವಲ್ಲ. ಕೆಲವು ಅದೇ ಸರ್ವರ್‌ನ ಬೇರೊಂದು ಮೂಲೆಯಲ್ಲಿ ಇಂದಿಗೂ ಇರಬಹುದು. ಅಲ್ಲಿಗೆ ಹೋಗುವ ದಾರಿಯ ಫಲಕ ಮಾತ್ರ ಇಲ್ಲ.

ಹಳೆಯ ಹೆಸರೂ ಆಸ್ತಿಯೇ

ಮರುನಿರ್ದೇಶನವನ್ನು ಎಷ್ಟು ಕಾಲ ಉಳಿಸಿಕೊಳ್ಳಬೇಕು? ಸಾಧ್ಯವಾದಷ್ಟು ದೀರ್ಘಕಾಲ, ಸಾಮಾನ್ಯವಾಗಿ ಕನಿಷ್ಠ ಒಂದು ವರ್ಷ ಎಂಬುದು ಗೂಗಲ್‌ನ ಸೂಚನೆ. ಅದು ಶೋಧ ಯಂತ್ರದ ಅನುಕೂಲದ ಲೆಕ್ಕ. ಜನರ ನೆನಪಿನ ಲೆಕ್ಕ ಬೇರೆ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಕರಾವಳಿಯಲ್ಲಿ ಹುಟ್ಟಿ ಬೆಳೆದ ಈ ಮೂರೂ ಬ್ಯಾಂಕುಗಳ ಹೆಸರುಗಳು ಜನರ ನಾಲಿಗೆಯ ಮೇಲೆ ಈಗಲೂ ಇವೆ.

ಹೀಗೆ ಜನರು ನಂಬಿದ ಹೆಸರೊಂದರ ನೋಂದಣಿಯನ್ನು ಯಾವುದೇ ಸಂಸ್ಥೆ ಶುಲ್ಕ ಕಟ್ಟದೆ ಬಿಟ್ಟುಕೊಟ್ಟರೆ, ಅದನ್ನು ಬೇರಾರೂ ಕೊಳ್ಳಬಹುದು. ಹಳೆಯ ಕೊಂಡಿಗಳನ್ನು ಹಿಡಿದು ಬರುವವರೆಲ್ಲ ಆಗ ಅಪರಿಚಿತನ ಅಂಗಳ ತಲುಪುತ್ತಾರೆ. ಅಲ್ಲಿ ಪರಿಚಿತ ಬಣ್ಣದ ನಕಲಿ ಪುಟವೊಂದು ಕಾದಿದ್ದರೆ ಗುಪ್ತಪದ ಕೈತಪ್ಪಲು ನಿಮಿಷವೂ ಬೇಡ. ವಂಚನೆ ತಡೆಯಲೆಂದೇ ಹೊಸ ಹೆಸರು ಪಡೆದ ಬ್ಯಾಂಕುಗಳಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ.

ಒಂದು ಹೆಸರಿನ ವಾರ್ಷಿಕ ಶುಲ್ಕ ದೊಡ್ಡ ಮೊತ್ತವಲ್ಲ. ನಿಯಮ ಬರೆಯುವುದು ಜಾಣ ತಂತ್ರಜ್ಞನೊಬ್ಬನ ಒಂದೆರಡು ದಿನಗಳ ಕೆಲಸ. ಬ್ಯಾಂಕಾಗಲಿ, ಸರ್ಕಾರಿ ಇಲಾಖೆಯಾಗಲಿ, ಪತ್ರಿಕೆಯಾಗಲಿ ಹೊಸ ತಾಣದ ಉದ್ಘಾಟನೆಗೆ ದಿನ ಗೊತ್ತುಪಡಿಸುವ ಮುನ್ನ ಹಳೆಯ ವಿಳಾಸಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ, ಪ್ರತಿಯೊಂದರ ಎದುರು ಅದರ ಹೊಸ ಮನೆಯನ್ನು ಬರೆದಿಟ್ಟುಕೊಳ್ಳಬೇಕು. ಅಂಥ ಪಟ್ಟಿ ಸಿದ್ಧವಾಗುವವರೆಗೆ ಹೊಸ ತಾಣವೂ ಸಿದ್ಧವಾಗಿಲ್ಲವೆಂದೇ ತಿಳಿಯುವುದು ಒಳಿತು.